ಚಂದನಳ ಹಾಜರಿ

"ಸತ್ತುಹೋದ ಮಗುವಿನ ಹೆಸರು ಬೋರ್ಡಿನ ಮೇಲೆ ಬರ್ತಿದೆ ಮೇಡಂ," ಎಂದಳು ಧನಶ್ರೀ. ಅವಳ ಕಾಫಿ ಆರಿಹೋಗಿತ್ತು.

ಮುಳಬಾಗಿಲಿನ ಭಾರತಮ್ಮ ನಿವೃತ್ತ ಶಾಲಾ ಇನ್ಸ್‌ಪೆಕ್ಟರ್. ಅವರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಈಗಲೂ ದಿನವೂ ಅವರ ಮನೆಗೆ ಹೋಗುತ್ತಿದ್ದೆ.

ಧನಶ್ರೀ ಸಂಶೋಧಕಿ. ಸರ್ಕಾರವೇ ಶುಲ್ಕ ಕೊಟ್ಟು ಬಡ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ಯೋಜನೆಯಿಂದ ಹಳ್ಳಿ ಶಾಲೆಗಳಿಗೆ ಏನಾಯಿತೆಂಬುದು ಅವಳ ವಿಷಯ. ಯಲ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಕ್ಕಳೆಲ್ಲ ಹಾಗೆ ಹೋಗಿ ಸರ್ಕಾರಿ ಶಾಲೆ ಮುಚ್ಚಿತ್ತು. ಬೀಗ ಹಾಕಿದ ಆ ಶಾಲೆಯ ಬೋರ್ಡಿನಲ್ಲಿ ಪ್ರತಿ ಸೋಮವಾರ ಆ ಊರಿನ ಹನ್ನೊಂದು ಮಕ್ಕಳ ಹೆಸರು ಮೂಡುತ್ತಿದ್ದವು. ಏಳನೆಯದು, ಎರಡು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡ ಚಂದನ.

"ತಾಯಿ ಆಂಜಿನಮ್ಮ ಈಗ ಊರಿನ ಮಕ್ಕಳು ಹೋಗೋ ಖಾಸಗಿ ಶಾಲೆಯಲ್ಲೇ ಆಯಾ. ಕೇಳಿದ್ರೆ ಬಾಯೇ ಬಿಡಲ್ಲ," ಎಂದಳು ಧನಶ್ರೀ.

ಮಧ್ಯಾಹ್ನ ಹಳ್ಳಿ ತಲುಪಿದೆವು. ಶಾಲೆಯ ಸುತ್ತಲಿನ ಮಾವಿನ ತೋಪಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಳೆಯ ಹೆಡ್‌ಮಾಸ್ಟರ್ ಅಶ್ವತ್ಥಪ್ಪ ಬೀಗ ತೆಗೆದರು. ಒಳಗೆ ಬಾವಲಿ ವಾಸನೆ. ಕಪ್ಪು ಬೋರ್ಡಿನ ಮೇಲೆ ಗುಂಡಗಿನ ಅಕ್ಷರದಲ್ಲಿ ಹೆಸರುಗಳು. ಪ್ರತಿಯೊಂದರ ಮುಂದೆ 'ಪ್ರೆಸೆಂಟ್ ಮಿಸ್'.

"ಊರೋರೆಲ್ಲ ನನ್ನೇ ಅನುಮಾನಿಸ್ತಾರಮ್ಮಾ. ಕೀ ಇರೋದು ನನ್ನತ್ರಾನೇ," ಎಂದರು ಅಶ್ವತ್ಥಪ್ಪ.

"ನಿಮ್ಮ ಶಾಲೆ ಮಕ್ಕಳು ಹಾಜರಿಗೆ ಏನಂತಿದ್ರು?" ಎಂದು ಕೇಳಿದರು ಭಾರತಮ್ಮ.

"ಬಂದಿದೀನಿ ಸಾರ್ ಅಂತಿದ್ರು. ಗಂಡುಮಕ್ಕಳನ್ನ ಮೊದಲು ಕರೀತಿದ್ದೆ."

ಬೋರ್ಡಿನಲ್ಲಿ ಗಂಡು ಹೆಣ್ಣು ಹೆಸರುಗಳು ಬೆರೆತಿದ್ದವು. ಭಾರತಮ್ಮ ಒಳಬಾಗಿಲಿನ ಕೀಲು ಮುಟ್ಟಿ ನೋಡಿದರು. ಬೆರಳಿಗೆ ಎಣ್ಣೆ ಹತ್ತಿತು.

"ಇದು?"

"ಅಡುಗೆಮನೆ. ಹೊರಗಿಂದ ಇನ್ನೊಂದು ಬಾಗಿಲಿದೆ, ಅದರ ಕೀ ಅಡುಗೆಯವಳ ಹತ್ರ ಇತ್ತು."

ಮಾರನೆಯ ದಿನ ಅದೇ ಕೋಣೆಗೆ ಭಾರತಮ್ಮ ಶಿಕ್ಷಣಾಧಿಕಾರಿಯನ್ನೂ ಖಾಸಗಿ ಶಾಲೆಯ ಮಾಲೀಕ ಶಿವಶಂಕರನನ್ನೂ ಆಂಜಿನಮ್ಮನನ್ನೂ ಕರೆಸಿದರು.

"ಧನಶ್ರೀ ಹತ್ರ ಖಾಸಗಿ ಶಾಲೆಯ ಹಾಜರಿ ಪಟ್ಟಿಯ ನಕಲು ಇದೆ. ಈ ಊರಿನ ಮಕ್ಕಳ ಹೆಸರು ಬೋರ್ಡಿನಲ್ಲೂ ಅದೇ ಕ್ರಮದಲ್ಲಿವೆ, ಚಂದನಳದೂ ಸೇರಿ; ಪಟ್ಟಿ ಹಳೇದಿರಬೇಕು ಅಂತ ಧನಶ್ರೀ ಅಂದ್ಕೊಂಡಿದ್ಲು. ಅವಳು ಅದನ್ನ ಯಾರಿಗೂ ತೋರಿಸಿಲ್ಲ. 'ಪ್ರೆಸೆಂಟ್ ಮಿಸ್' ಅನ್ನೋದೂ ಅಲ್ಲಿಯ ಮಾತೇ. ಅಂದ್ರೆ ಬರೆದವರು ಆ ಹಾಜರಿಯನ್ನ ದಿನಾ ಕೇಳಿಸಿಕೊಂಡವರು. ಒಳಗೆ ಬಂದದ್ದು ಅಡುಗೆಮನೆಯಿಂದ. ಇಲ್ಲಿ ಅಡುಗೆ ಮಾಡ್ತಿದ್ದು, ಶಾಲೆ ಮುಚ್ಚಿದ ಮೇಲೆ ಅಲ್ಲಿಗೆ ಕೆಲಸಕ್ಕೆ ಹೋದವಳು ಒಬ್ಬಳೇ."

ಆಂಜಿನಮ್ಮ ತಲೆ ಎತ್ತಿದಳು.

"ಚಂದನಾಗೂ ಅಲ್ಲಿ ಸೀಟು ಸಿಕ್ಕಿತ್ತಮ್ಮಾ. ಸೇರೋಕೆ ಮುಂಚೆನೇ ಹೋಗ್ಬಿಟ್ಲು. ಈಗ ನಾನು ಹೊರಗೆ ಕಸ ಗುಡಿಸ್ತಿರ್ತೀನಿ, ಒಳಗೆ 'ಚಂದನಾ' ಅಂತಾರೆ. ಇನ್ಯಾವ್ದೋ ಮಗು ಕೈಲಿ 'ಪ್ರೆಸೆಂಟ್' ಅನ್ನಿಸ್ತಾರೆ. ದಿನಾ. ಬಾಯಿ ಬಿಟ್ರೆ ಕೆಲಸ ಹೋಗುತ್ತೆ. ಯಾರಾದ್ರೂ ಓದ್ಲಿ ಅಂತ ಬರೆದೆ."

"ಒಂದು ಹೆಸರಿಗೆ ಸರ್ಕಾರದಿಂದ ಒಂದು ಶುಲ್ಕ," ಎಂದರು ಭಾರತಮ್ಮ, ಶಿವಶಂಕರನ ಕಡೆ ತಿರುಗಿ. "ಅದಕ್ಕೇ ನೀವು ಅವಳನ್ನ ಸಾಯೋಕೂ ಬಿಡಲಿಲ್ಲ."

ಅಧಿಕಾರಿ ಅವನ ಹಾಜರಿ ಪುಸ್ತಕವನ್ನು ವಶಕ್ಕೆ ತೆಗೆದುಕೊಂಡರು.

ಧನಶ್ರೀ ತನ್ನ ಪಟ್ಟಿಯಿಂದ ಆ ಹೆಸರನ್ನು ಹೊಡೆಯಲು ಪೆನ್ನು ತೆಗೆದಳು. ಆಂಜಿನಮ್ಮ ಅವಳ ಕೈ ಹಿಡಿದಳು.

"ಹೊಡೀಬೇಡ ತಾಯಿ. ಚಂದನ ಈ ಸ್ಕೂಲಲ್ಲಿ ಓದಿದ್ಲು ಅಂತ ಬರಿ."