ನೀಲಿಯ ಬಿಳಿ ಮರಿ

“ಡಾಕ್ಟ್ರು ಎಲ್ಲಮ್ಮಾ?” ಎಂದು ಪ್ರಭುಸ್ವಾಮಿ ಕೇಳಿದಾಗ ಅವಳು ಹುಣಸೂರಿನ ಆ ಪ್ರಾಣಿ ಕ್ಲಿನಿಕ್ಕಿನ ನೆಲದ ಮೇಲಿನ ಕೂದಲು ಗುಡಿಸುತ್ತಿದ್ದಳು.

“ಬರ್ತಾರೆ, ಕೂತ್ಕೊಳ್ಳಿ.”

ಪೊರಕೆ ಮೂಲೆಗಿಟ್ಟು, ಕೈ ತೊಳೆದು, ಬಿಳಿ ಕೋಟು ತೊಟ್ಟು ಬಂದು ಅವನೆದುರಿನ ಕುರ್ಚಿಯಲ್ಲೇ ಕುಳಿತಳು. “ಬಂದ್ರು. ಹೇಳಿ.”

ಅವನ ಕಿವಿ ಬಿಸಿಯಾಯಿತು. ಡಾಕ್ಟರ್ ಭಾವನಾ ತುಟಿಯಂಚಿನ ನಗು ತಡೆದುಕೊಂಡು ಅವನು ಕರೆತಂದಿದ್ದ ನಾಯಿಯತ್ತ ಬಗ್ಗಿದಳು.

ಬೀಚನಹಳ್ಳಿಯ ಬಳಿ ಅವನಿಗೆ ನೂರೈವತ್ತು ಕುರಿಗಳಿದ್ದವು. ಅವುಗಳನ್ನು ಅಟ್ಟಿ ಒಗ್ಗೂಡಿಸಲೆಂದು ತಂದ ಬಾರ್ಡರ್ ಕಾಲಿ ತಳಿಯ ಹೆಣ್ಣುನಾಯಿ ನೀಲಿ. ಬೂದುನೀಲಿ ಮೈಮೇಲೆ ಮಸಿ ಚೆಲ್ಲಿದಂಥ ಮಚ್ಚೆ.

ಅಂದಿನಿಂದ ಲಸಿಕೆಗೆ, ಜಂತಿನ ಮಾತ್ರೆಗೆ, ಏನೂ ಇಲ್ಲದಿದ್ದರೆ ಉಗುರು ಕತ್ತರಿಸುವುದಕ್ಕಾದರೂ ಅವನು ಬರತೊಡಗಿದ.

“ತಿಂಗಳಿಗೆ ಊಟಕ್ಕೇ ನಾಲ್ಕು ಸಾವಿರ,” ಎಂದು ಅವಳು ಒಮ್ಮೆ ಲೆಕ್ಕ ಹಾಕಿದಳು. “ಉಣ್ಣಿಗೆ ಔಷಧಿ, ಬೇಸಿಗೆಗೆ ಫ್ಯಾನು. ಇಷ್ಟು ಖರ್ಚಿಗೆ ಮದುವೇನೇ ಆಗ್ಬೋದಿತ್ತಲ್ರೀ?”

“ಎಣ್ಣು ಒಪ್ಬೇಕಲ್ಲ ಡಾಕ್ಟ್ರೇ.”

ಅವಳು ಸಿರಿಂಜಿನಿಂದ ಕಣ್ಣೆತ್ತಲಿಲ್ಲ. ಕೆನ್ನೆ ಮಾತ್ರ ಕೆಂಪಾಯಿತು.

ನೀಲಿ ಬೆದೆಗೆ ಬರುವ ಕಾಲಕ್ಕೆ ಭಾವನಾ ಚೀಟಿಯ ಹಿಂದೆ ನಾಲ್ಕು ಚೌಕ ಗೀಚಿ ತೋರಿಸಿದಳು. “ಈ ಮಚ್ಚೆ ಬಣ್ಣ ಒಂದು ಕಡೆಯಿಂದ ಬಂದ್ರೆ ಚೆಂದ. ತಂದೆ, ತಾಯಿ ಇಬ್ಬರಿಂದಲೂ ಬಂದ್ರೆ ಕಷ್ಟ. ನಾಲ್ಕರಲ್ಲಿ ಒಂದಕ್ಕೆ ಹಾಗಾಗುತ್ತೆ. ಬೆಳ್ಳಗೆ ಹುಟ್ಟುತ್ತೆ, ಕಿವಿ ಕೇಳದೇ ಇರಬಹುದು, ಕಣ್ಣೂ ಹೋಗಬಹುದು. ಗಂಡು ಕಪ್ಪು-ಬಿಳುಪಿನದೇ ಇರಲಿ.”

“ಅಂಗೇ ಮಾಡ್ತೀನಿ. ಮಾತು ಕೊಟ್ಟೆ.”

ಮಾತು ಉಳಿಯಲಿಲ್ಲ. ಸಾಲಿಗ್ರಾಮದ ಗೆಳೆಯ ಕಿರಣ್‌ಕುಮಾರನ ಬಳಿ ಮಚ್ಚೆಯ ಗಂಡು ಇತ್ತು. “ರೆಸಾರ್ಟಿಗೆ ಬರೋರು ನೀಲಿ ಮಚ್ಚೆ ಮರಿಗೆ ಎರಡರಷ್ಟು ಕೊಡ್ತಾರೆ ಕಣ್ಲಾ,” ಎಂದ ಅವನು. ನಾಲ್ಕರಲ್ಲಿ ಒಂದು ತಾನೇ ಎಂದುಕೊಂಡ ಪ್ರಭುಸ್ವಾಮಿ, ಭಾವನಾಳಿಗೆ ಗಂಡು ಕಪ್ಪು-ಬಿಳುಪಿನದೇ ಎಂದು ಹೇಳಿದ.

ಐದು ಮರಿ ಹುಟ್ಟಿದವು. ಒಂದು ಅಚ್ಚ ಬಿಳಿ.

ಮರಿಗಳಿಗೆ ತಿಂಗಳು ತುಂಬಿದಾಗ ಅವಳು ತಾನೇ ನೋಡಲು ಬಂದಳು, ಹಸಿರು ಸೀರೆ ಉಟ್ಟು. ಆ ಸೀರೆ ನಾಯಿಮರಿಗಳಿಗಾಗಿ ಉಟ್ಟದ್ದಲ್ಲ ಎಂದು ಅವನಿಗೂ ತಿಳಿಯಿತು. ಬಿಳಿ ಮರಿಯನ್ನು ಅವನು ಮೊದಲೇ ಮೇವಿನ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದ. ಅದು ಹೇಗೋ ನುಸುಳಿ, ತಾಯಿಯ ವಾಸನೆ ಹಿಡಿದು, ಗೋಡೆಗೆ ಮುಖ ತಾಗಿಸಿಕೊಳ್ಳುತ್ತ ಬಂತು.

ಭಾವನಾ ಅದರ ಬೆನ್ನ ಹಿಂದೆ ಜೋರಾಗಿ ಚಪ್ಪಾಳೆ ತಟ್ಟಿದಳು. ಅದು ತಿರುಗಲಿಲ್ಲ.

“ಗಂಡು ಯಾವ ಬಣ್ಣ ಪ್ರಭು?”

“ಮಚ್ಚೆದು. ತಪ್ಪಾಯ್ತು ಕಣ್ರೀ. ಯೋಳಿದ್ರೆ ನೀವು ಬರಾದೇ ನಿಲ್ಲಿಸ್ಬುಡ್ತೀರೇನೋ ಅಂತ... ನೀವಂದ್ರೆ ನಂಗೆ ಪ್ರಾಣ.”

“ಗೊತ್ತು. ಮದುವೆಗೆ ನಮ್ಮಮ್ಮನ್ನ ಒಪ್ಪಿಸಿದೀನಿ ಅಂತ ಹೇಳೋಕೇ ಇವತ್ತು ಬಂದಿದ್ದು.” ಅವಳು ಮರಿಯನ್ನು ಎತ್ತಿ ಅವನ ಕೈಗಿಟ್ಟಳು. “ತಪ್ಪು ಮಾಡಿದ್ರೆ ಬೈದು ಸುಮ್ಮನಾಗ್ತಿದ್ದೆ. ಬಚ್ಚಿಟ್ಬಿಟ್ರಲ್ಲ.”

ಸೆರಗು ಸರಿಮಾಡಿಕೊಂಡು ಅವಳು ಬಂದ ದಾರಿಯಲ್ಲೇ ಹೊರಟುಹೋದಳು.

ಎರಡು ತಿಂಗಳ ಮೇಲೆ, ಇನ್ನು ಮರಿ ಬೇಡವೆಂದು ನೀಲಿಗೆ ಆಪರೇಷನ್ ಮಾಡಿಸಲು ಕ್ಲಿನಿಕ್ಕಿಗೆ ಹೋದ. ಬಿಳಿ ಮರಿಯೂ ಜೊತೆಗಿತ್ತು. ಕೆಲಸ ಮುಗಿಸಿ ಭಾವನಾ, ಆ ಮರಿಯನ್ನು ಬೆನ್ನು ಮುಟ್ಟಿ ಕರೆಯುವುದು ಹೇಗೆ, ನೆಲ ತಟ್ಟಿ ಎಬ್ಬಿಸುವುದು ಹೇಗೆ ಎಂದು ತಾಳ್ಮೆಯಿಂದ ಕಲಿಸಿಕೊಟ್ಟಳು. ಅವನ ಮುಖ ನೋಡದೆಯೇ.

“ಹೊಲಿಗೆ ಬಿಚ್ಚೋಕೆ ಬೇರೆ ಡಾಕ್ಟ್ರು ಇರ್ತಾರೆ. ನಾನು ಹಾಸನಕ್ಕೆ ಹೋಗ್ತಿದೀನಿ.”

“ನನ್ನಿಂದ್ಲಾ?”

ಅವಳು ಚೀಟಿ ಬರೆಯತೊಡಗಿದಳು. “ಮರಿ ಹೆಸರೇನು?”

“ಇಟ್ಟಿಲ್ಲ. ಅದುಕ್ಕೆ ಕೇಳಾಕಿಲ್ವಲ್ಲ.”

ಆಗ ಅವಳು ಕಣ್ಣೆತ್ತಿದಳು. ಆ ಕಣ್ಣು ಒದ್ದೆಯಾಗಿತ್ತು.

“ಆದ್ರೂ ಒಂದು ಇಡಿ. ಕರೆಯೋಕೆ ನಿಮಗಾದ್ರೂ ಬೇಕಲ್ಲ.”