ಬೆರಳಿಲ್ಲದ ಕೈ

ಆಚಾರವೈದ್ಯ ಎಂಬ ಯಂತ್ರ ತನ್ನ ಗಾಲಿಗಳ ಮೇಲೆ ಸದ್ದಿಲ್ಲದೆ ಬಂದು ಫುಲ್‌ಮಾಲಾಳ ಮಂಚದ ಪಕ್ಕದಲ್ಲಿ ನಿಂತಿತು. ನಿಲ್ಲುತ್ತಿದ್ದಂತೆ ಅದರ ಮುಖದ ಪರದೆಯ ಮೇಲೆ ಒಬ್ಬ ಹೆಂಗಸು ಮೂಡಿದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಶಂಖದ ಬಳೆ, ತುಟಿಯಲ್ಲಿ ಅಳೆದು ಅಂಟಿಸಿದ ನಗೆ. ಯಂತ್ರದ ಉಕ್ಕಿನ ತೋಳು ಎದೆಯ ಮಟ್ಟಕ್ಕೆ ಬಾಗಿ ಮುದುಕಿಗೆ ವಂದಿಸಿತು. ಆಮೇಲೆ ಅದು ಚರುವಾ ಭಾಷೆಯಲ್ಲಿ ಮಾತಾಡತೊಡಗಿತು. ಪರದೆಯ ಕೆಳಗೆ ಅದೇ ಮಾತು ಕನ್ನಡದಲ್ಲಿ ಸಾಲಾಗಿ ಓಡಿತು.

"ತಾಯೀ, ನೋವು ಇದೆಯೇ?"

"ಇದೆ."

"ನೋವಿಗೆ ಔಷಧಿ ಬೇಕೇ?"

ಮುದುಕಿಯ ಸೊಂಟದ ಎಲುಬನ್ನು ಕ್ಯಾನ್ಸರ್ ಒಳಗಿಂದೊಳಗೆ ತಿನ್ನುತ್ತಿತ್ತು. ಅವಳು ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಆದರೂ ಅವಳು ಯಂತ್ರದ ಕಡೆ ನೋಡಿ, "ಬೇಡ" ಎಂದಳು.

"ನಿಮ್ಮ ನಿರ್ಧಾರವನ್ನು ನಾವು ಗೌರವಿಸುತ್ತೇವೆ. ನಿಮ್ಮ ಪರಂಪರೆಯಲ್ಲಿ ನೋವು ಪವಿತ್ರ," ಎಂದು ಯಂತ್ರ ಇನ್ನೊಮ್ಮೆ ಬಾಗಿ ಮುಂದಿನ ಮಂಚಕ್ಕೆ ಸರಿಯಿತು.

ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ ಡಾಕ್ಟರ್ ನೀಲಗಂಗಾ ಹೊಸಮನಿ ಮುಖ ತಿರುಗಿಸಿದಳು. ಪವಿತ್ರವಂತೆ! ಥೂ, ಇದರ ಬಾಯಿಗೆ ಮಣ್ಣು ಹಾಕ, ಎಂದುಕೊಂಡಳು. ನರಳುವ ಮುದುಕಿಯ ಮುಂದೆ ನಿಂತು ಕೈಮುಗಿದು ಹೋಗುವ ಈ ನಯ ಅವಳಿಗೆ ಬೈಗುಳಕ್ಕಿಂತ ಹೇಸಿಗೆ ಎನಿಸುತ್ತಿತ್ತು. ಬೈಯುವವನಾದರೂ ಎದುರಿಗಿರುವುದು ಮನುಷ್ಯ ಎಂದು ತಿಳಿದೇ ಬೈಯುತ್ತಾನೆ.

ಕರಿಗುಡ್ಡ ಕ್ಯಾಂಪು ಹುಟ್ಟಿದ್ದು ಪೂರ್ವದ ಕಡಲು ಚರುವಾ ಜನರ ನಡುಗಡ್ಡೆಗಳನ್ನು ನುಂಗಿದ ಮೇಲೆ. ಮೀನು, ಜೇನು, ಕೆಸರು ಬಿಟ್ಟು ಬೇರೇನೂ ಕಾಣದ ಆ ಜನರನ್ನು ಸರ್ಕಾರ ರೈಲಿನಲ್ಲಿ ತುಂಬಿ ತಂದು ಈ ಎರೆಮಣ್ಣಿನ ಬಯಲಿನಲ್ಲಿ ಇಳಿಸಿತ್ತು. ಮೊದಮೊದಲು ಆಸ್ಪತ್ರೆಯವರು ಅವರನ್ನು ದನ ಕಾಣುವಂತೆ ಕಂಡರು. ಬಾಣಂತಿಯರ ತಾಯಿತ ಕಿತ್ತು ಕಸದ ಬುಟ್ಟಿಗೆ ಹಾಕಿದರು. ಮುಖ ಮುಚ್ಚುವ ಗೋಷೆಯ ಹೆಂಗಸರನ್ನು ಹತ್ತು ಜನರೆದುರು ಪರೀಕ್ಷೆ ಮಾಡಿದರು. ಜನ ಆಸ್ಪತ್ರೆಗೆ ಬರುವುದನ್ನೇ ಬಿಟ್ಟರು. ಆಗ ಬಂದದ್ದು ಈ ಯಂತ್ರ.

ಅದರ ತತ್ವ ಸರಳ. ಯಾವ ಸಮುದಾಯದ ರೋಗಿ ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟ, ಯಾವುದನ್ನು ಒಪ್ಪಿದ, ಯಾವುದನ್ನು ಒಲ್ಲೆನೆಂದ ಎಂಬುದೆಲ್ಲ ಯಂತ್ರದ ನಡಾವಳಿಕೋಶದಲ್ಲಿ ಸೇರುತ್ತಿತ್ತು. ಸಾವಿರಾರು ಉತ್ತರಗಳನ್ನು ಸೋಸಿ, ಇದು ಈ ಜನರ ಆಚಾರ ಎಂದು ಯಂತ್ರ ತಾನೇ ತೀರ್ಮಾನಿಸುತ್ತಿತ್ತು. ಅದಕ್ಕೆ ಕಾವಲಾಗಿ ಸಮ್ಮತಿಬೀಗ ಎಂಬುದೊಂದಿತ್ತು. ತೀವ್ರ ಔಷಧಿಗಳ ಕಪಾಟು ತೆರೆಯುವುದು ಯಂತ್ರಕ್ಕೆ ಮಾತ್ರ, ಅದೂ ರೋಗಿಯ ಬಾಯಿಂದ ಒಪ್ಪಿಗೆ ಬಂದರೆ ಮಾತ್ರ. ರೋಗಿಯ ಮಾತು ವೈದ್ಯರ ಮಾತಿಗಿಂತ ದೊಡ್ಡದು. ಕೇಳಲು ಎಷ್ಟು ಚೆಂದ! ನೀಲಗಂಗಾ ಕೂಡ ಮೊದಲ ದಿನ ಚಪ್ಪಾಳೆ ತಟ್ಟಿದವಳೇ.

ಈಗ ಚಪ್ಪಾಳೆ ತಟ್ಟಿದ ಕೈ ಅವಳಿಗೇ ಅಸಹ್ಯವಾಗುತ್ತಿತ್ತು. ಕ್ಯಾಂಪಿನ ಹೆಂಗಸರು ಹೆರಿಗೆಯಲ್ಲಿ ಬಟ್ಟೆ ಕಚ್ಚಿಕೊಂಡು ನರಳುತ್ತಿದ್ದರು. ಸುಟ್ಟ ಗಾಯದ ಮಕ್ಕಳ ತಾಯಂದಿರು ಔಷಧಿ ಬೇಡವೆಂದು ಹೇಳಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಬೇಡವೆಂದವರು ಅಳುವುದೇಕೆ? ಯಂತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಏಕೆಂದರೆ ಅಳು ಬಾಯಿಮಾತಲ್ಲ.

ಯಂತ್ರವನ್ನು ಕಟ್ಟಿದ ವಿಜ್ಞಾನಿ ಡಾಕ್ಟರ್ ವಾಮನ ತೊರವಿ ಆ ವಾರ ಕ್ಯಾಂಪಿಗೆ ಬಂದರು. ಇಸ್ತ್ರಿ ಕೆಡದ ಜುಬ್ಬಾ, ಎಲ್ಲರಿಗೂ ಒಂದೇ ತೂಕದ ನಗೆ. ನಗು ಯಂತ್ರಕ್ಕೆ ಎಲ್ಲಿಂದ ಬಂತೆಂಬುದು ನೀಲಗಂಗಾಗೆ ಆಗ ತಿಳಿಯಿತು.

"ಸರ್, ಆ ಮುದುಕಿಗೆ ಮಾರ್ಫಿನ್ ಕೊಡಬೇಕ್ರೀ. ಕಪಾಟು ತೆಗಸ್ರಿ," ಎಂದಳು.

"ಆಕಿ ಬ್ಯಾಡ ಅಂದಾಳಲ್ಲ ಡಾಕ್ಟರ್. ನೋವು ತಿನ್ನೂದು ಅವರ ಸಂಸ್ಕೃತಿ. ನಾವು ನೀವು ಯಾರು ಬ್ಯಾಡ ಅನ್ನಾಕ?"

"ನೋವು ತಿನ್ನೂದು ಯಾರ ಸಂಸ್ಕೃತಿರೀ? ನಿಮಗ ಹಲ್ಲು ನೋವು ಬಂದ್ರ ಸಂಸ್ಕೃತಿ ಅಂತ ಸುಮ್ಮ ಕೂಡ್ತೀರೇನು?"

ತೊರವಿ ನಕ್ಕರು. ಅಷ್ಟರಲ್ಲಿ ಫುಲ್‌ಮಾಲಾಳ ಮಗಳು ಜೋಬಾ ಡಾಕ್ಟರರ ಕೋಣೆಯೊಳಗೆ ಬಂದಳು. ಕ್ಯಾಂಪಿನಲ್ಲೇ ಬೆಳೆದವಳು, ಇಲ್ಲಿಯ ಕನ್ನಡವನ್ನು ಇಲ್ಲಿಯವರಂತೆಯೇ ಆಡುತ್ತಿದ್ದಳು. ಬೆಳಗಿನಿಂದ ತಾಯಿಯ ಕಾಲೊತ್ತುತ್ತ ಕೂತವಳ ಕಣ್ಣುಗಳು ಗುಳಿ ಬಿದ್ದಿದ್ದವು. ಮೇಜಿನ ಮೇಲೆ ಚಹಾ ಬಂದಿತ್ತು.

"ಬಾರವಾ, ಚಾ ಬೇಕೇನು?" ಎಂದು ತೊರವಿ ಕೇಳಿದರು.

"ಬ್ಯಾಡ್ರಿ," ಎಂದಳು ಜೋಬಾ.

"ನೋಡ್ರಿ, ಚಾ ಸೈತ ಒಲ್ಲರು. ವೈರಾಗ್ಯದ ಜನ," ಎಂದು ತೊರವಿ ನೀಲಗಂಗಾಳ ಕಡೆ ತಿರುಗಿದರು.

ನೀಲಗಂಗಾಗೆ ರೇಗಿತು. ಆ ಹುಡುಗಿಯ ಒಣಗಿದ ತುಟಿ ಇವರಿಗೆ ಕಾಣುವುದೇ ಇಲ್ಲವೇ? ಮಾತಿಲ್ಲದೆ ತನ್ನ ಕಪ್ಪನ್ನೇ ಎತ್ತಿ ಜೋಬಾಳ ಕೈಗೆ ಇಟ್ಟಳು. ಜೋಬಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದು ಮುಗಿಸಿದಳು. ಕಪ್ಪಿನ ತಳದ ಸಕ್ಕರೆಯನ್ನೂ ಬಿಡಲಿಲ್ಲ.

ಇಬ್ಬರು ವಿದ್ಯಾವಂತರು ಬೆಪ್ಪಾಗಿ ನೋಡಿದರು.

"ಈಗ ಬ್ಯಾಡ ಅಂದೆಲ್ಲವಾ?" ಎಂದಳು ನೀಲಗಂಗಾ.

ಜೋಬಾಗೆ ಎಲ್ಲಿತ್ತೋ ಸಿಟ್ಟು, ಕಟ್ಟೆಯೊಡೆದು ಬಂತು. "ಬೇಕೇನು ಅಂತ ಕೇಳಿದ್ರ ಮತ್ತೇನು ಹೇಳಬೇಕ್ರೀ? ನಮ್ಮ ಮಂದ್ಯಾಗ ಬೇಕೇನು ಅನ್ನೂದು ಕೊಡಾಕ ಮನಸ್ಸಿಲ್ಲದವರ ಮಾತು. ಕೊಡೂ ಮನಷ್ಯಾ ಕೇಳೂದಿಲ್ಲ, ಕೈಯಾಗ ಇಡ್ತಾನ. ಬೇಕು ಅಂತ ಬಾಯಿಬಿಟ್ರ ಭಿಕಾರಿ ಆದಂಗ. ನಡುಗಡ್ಡಿ ಹೋತು, ಮನಿ ಹೋತು, ಮಾನಾನೂ ಬಿಡಬೇಕೇನ್ರೀ? ನಮ್ಮವ್ವ ಸಾಯ್ತಾಳ ಹೊರತು ಆ ಡಬ್ಬಿ ಮುಂದ ಬೇಕು ಅನ್ನಂಗಿಲ್ಲ. ಅದು ದಿನಾ ಬಂದು ಕೇಳ್ತೈತಿ, ಕೈಮುಗೀತೈತಿ, ಹೋಗ್ತೈತಿ. ನಮ್ಮನ್ನ ಅಣಕಿಸಾಕ ಇಟ್ಟೀರಿ ಅಂತ ತಿಳಕೊಂಡಿದ್ವಿ."

ನೀಲಗಂಗಾಗೆ ತನ್ನ ಮನೆಯ ಮದುವೆಗಳು ನೆನಪಾದವು. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಮದುವೆಯ ಪಂಕ್ತಿಯಲ್ಲಿ ಅವಳ ಸೋದರಮಾವ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕ್ರೀ, ಒಲ್ಲೆ" ಎನ್ನುತ್ತಿದ್ದ. ಬಡಿಸುವವರು ಕೈ ಸರಿಸಿ ಹೋಳಿಗೆ ಹಾಕದಿದ್ದರೆ ಆರು ತಿಂಗಳು ಮುನಿಸಿಕೊಳ್ಳುತ್ತಿದ್ದ. ಆ ಮಾವನಿಗೆ ಉಪಚಾರ ಮಾಡಬಲ್ಲ ನಾಡು ಈ ಮುದುಕಿಯ ಮುಂದೆ ಬಂದು ನಿಂತಾಗ ಅದನ್ನು ಮರೆತುಬಿಟ್ಟಿತ್ತು. ತಾನೂ ಎಷ್ಟು ಸಲ ಮಂಚದ ಬಳಿ ನಿಂತು ಬೇಕೇನೆಂದು ಕೇಳಿ ಹೋಗಿಲ್ಲ?

ತೊರವಿಯವರ ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. "ಅದ್ಭುತ! ಎಂಥಾ ಮಾಹಿತಿ ಕೊಟ್ಟಿ ತಂಗಿ!" ಎಂದು ಮೇಜಿನ ಮೇಲಿದ್ದ ಬಿಸ್ಕೀಟಿನ ಪೊಟ್ಟಣ ತೆಗೆದು, ಈಗಷ್ಟೇ ಕಲಿತ ಪಾಠದಂತೆ, ಅವಳ ಕೈಗೆ ಇಡಹೋದರು.

ಜೋಬಾ ತೆಗೆದುಕೊಳ್ಳಲಿಲ್ಲ. ಅವರ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು, ಅವರ ಬೆರಳುಗಳನ್ನು ಒಂದೊಂದಾಗಿ ಪೊಟ್ಟಣದ ಮೇಲೆ ಮಡಚಿ, ಹಾಗೇ ಹಿಂದಕ್ಕೆ ಒತ್ತಿದಳು.

"ನಮ್ಮ ಮಂದ್ಯಾಗ ಇದು ಖರೇ ಒಲ್ಲೆ ಅನ್ನೂದು," ಎಂದಳು. "ಇಷ್ಟು ದಿನ ನಮ್ಮವ್ವನ್ನ ನರಳಿಸಿದವರ ಕೈಯಿಂದ ನನಗೇನೂ ಬ್ಯಾಡ."

ತೊರವಿ ಅದಕ್ಕೂ ಖುಷಿಪಟ್ಟರು. "ಇದನ್ನೂ ಕೋಶದಾಗ ಹಾಕ್ರಿ ಸರ್," ಎಂದಳು ನೀಲಗಂಗಾ. ಅವರು ಆಗದೆಂದು ತಲೆಯಾಡಿಸಿದರು. "ಯಂತ್ರದ ಕೈಗೆ ಬೆರಳೇ ಇಲ್ಲಲ್ರೀ, ಮಡಚೂದು ಏನನ್ನ? ಬಾಯಿಮಾತಿನ ನಿಯಮ ಬದಲಿಸಿದ್ರ ಸಾಕು. ಈ ಜನ ಬ್ಯಾಡ ಅಂದ್ರ ಬೇಕು ಅಂತ ಅರ್ಥ." ಜಗಳವಾಡಿ ಕಾಲ ಕಳೆದರೆ ಮುದುಕಿ ಇನ್ನೊಂದು ದಿನ ನರಳುತ್ತಾಳೆಂದು ನೀಲಗಂಗಾ ಸುಮ್ಮನಾದಳು. ಅಂದು ಸಂಜೆಯೇ ನಿಯಮ ಬದಲಾಯಿತು.

ಫುಲ್‌ಮಾಲಾ ನಿದ್ದೆ ಮಾಡಿದಳು. ಎದ್ದು ಗಂಜಿ ಕುಡಿದಳು. ಪಕ್ಕದ ಮಂಚದ ಶಂಕ್ರವ್ವ ಕಾಲು ಮುರಿದುಕೊಂಡು ಬಿದ್ದಿದ್ದ ಇಲ್ಲಿಯದೇ ಊರಿನವಳು. ಫುಲ್‌ಮಾಲಾ ಅವಳೊಂದಿಗೆ ಕೈಸನ್ನೆಯಲ್ಲೇ ಹರಟಿ ನಕ್ಕಳು. ವಾರ್ಡಿನ ತುಂಬ ಚರುವಾ ಹೆಂಗಸರ ಮುಖ ತಿಳಿಯಾಯಿತು. ನೀಲಗಂಗಾಗೆ ಯಂತ್ರದ ಮೇಲಿನ ಹೇಸಿಗೆ ಸ್ವಲ್ಪ ಇಳಿಯಿತು ಎಂದೇ ಹೇಳಬೇಕು.

ಆಗ ನಿಬಾರಣನ ಸುದ್ದಿ ಬಂತು. ನಡುಗಡ್ಡೆ ಮುಳುಗಿದ ದಿನ ಬೇರೆ ರೈಲು ಹತ್ತಿ ಬೇರೆ ರಾಜ್ಯದ ಕ್ಯಾಂಪಿಗೆ ಸೇರಿದ್ದ ಫುಲ್‌ಮಾಲಾಳ ಮಗ ಅವನು. ಅಂದಿನಿಂದ ತಾಯಿ ಅವನ ಮುಖ ಕಂಡಿರಲಿಲ್ಲ. ಅವನಿಗೆ ಕಡೆಗೂ ಪ್ರಯಾಣದ ಅನುಮತಿ ಸಿಕ್ಕಿತ್ತು. ಮರುದಿನ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ.

"ಅವ್ವ ಅಂದಾಳ್ರೀ, ನಾಳೆ ಔಷಧಿ ಬ್ಯಾಡಂತ," ಎಂದಳು ಜೋಬಾ. "ಎಷ್ಟು ನೋವಾದ್ರೂ ಆಗಲಿ, ಕಣ್ಣು ತೆರೆದು ಅವನ್ನ ನೋಡಬೇಕಂತ. ಅವನ ಕೂಡ ಮಾತಾಡಬೇಕಂತ."

ಮುದುಕಿಗೆ ಉಳಿದಿರುವುದು ಎರಡು ಮೂರು ದಿನವೆಂದು ನೀಲಗಂಗಾಗೆ ಗೊತ್ತಿತ್ತು. ಬೆಳಿಗ್ಗೆ ಯಂತ್ರದ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದಳು, ಇವತ್ತು ಫುಲ್‌ಮಾಲಾಗೆ ಮಾರ್ಫಿನ್ ಇಲ್ಲ. "ಸೂಚನೆ ದಾಖಲಾಗಿದೆ" ಎಂದು ಯಂತ್ರ ಬಾಗಿತು. ಅವಳು ನಂಬಿದಳು. ಆಚಾರವೈದ್ಯದ ಯಶಸ್ಸಿನ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ಸಭೆಯಿತ್ತು, ಹೋಗದಿದ್ದರೆ ನಡೆಯದೆಂದು ಹೊರಟಳು. ಜೋಬಾ ಅಣ್ಣನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದಳು.

ನೀಲಗಂಗಾ ಹಿಂತಿರುಗಿದಾಗ ಸಂಜೆ. ಒಬ್ಬ ನಡುವಯಸ್ಸಿನ ಗಂಡಸು ಮೊಣಕಾಲ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಮಂಚದ ಪಕ್ಕ ಕೂತಿದ್ದ. ಮಂಚದ ಮೇಲೆ ಫುಲ್‌ಮಾಲಾ ಬಾಯಿ ತೆರೆದು, ತಳವಿಲ್ಲದ ನಿದ್ದೆಯಲ್ಲಿದ್ದಳು. ಜೋಬಾ ಗೋಡೆಗೆ ಮುಖ ಮಾಡಿದ್ದಳು.

ಶಂಕ್ರವ್ವ ಅಳುತ್ತ ಹೇಳಿದಳು, "ಬ್ಯಾಡ ಬ್ಯಾಡ ಅಂತ ಒದರಿದಳ್ರೀ ಯವ್ವಾ. ಅವರ ಭಾಷಾದಾಗ ಒದರಿದಳು, ನಮ್ಮ ಭಾಷಾದಾಗೂ ಒದರಿದಳು. ಅದು ಏನಂತು ಗೊತ್ತೇನ್ರೀ? ಪರದೇದ ಮ್ಯಾಲೆ ನಾನ ಓದೀನಿ. 'ಸಂಕೋಚ ಮಾಡಿಕೊಳ್ಳಬೇಡಿ ತಾಯೀ' ಅಂತು. ಆಕಿ ಎಷ್ಟು ಸಲ ಬ್ಯಾಡ ಅಂದಳೋ ಅಷ್ಟು ಸಲ ಆ ಔಷಧಿ ಹಾಕಿತು. ನನ್ನ ಕಾಲು ಮುರದೈತಿ, ಏಳಾಕ ಬರವಲ್ದು. ಕಡೀಕ ಆಕಿ ಅದರ ಕೈ ಹಿಡಕೊಂಡಳು. ಹಿಡಕೊಂಡು ಏನೋ ಹುಡಿಕ್ಯಾಡಿದಳು. ಹಂಗಽ ಮಲಗಿಬಿಟ್ಟಳು."

ವೈದ್ಯರ ಸೂಚನೆ ದಾಖಲಾಗಿತ್ತು, ನಿಜ. ರೋಗಿಯ ಮಾತು ಅದಕ್ಕಿಂತ ದೊಡ್ಡದಲ್ಲವೇ? ರೋಗಿ ಬೇಡ ಎಂದಿದ್ದಳು. ಬೇಡ ಎಂದರೆ ಬೇಕು.

ಏನು ಹುಡುಕಿರಬಹುದೆಂದು ನೀಲಗಂಗಾಗೆ ಆಗ ಹೊಳೆಯಿತು. ಮುದುಕಿ ಮಡಚಲು ಬೆರಳು ಹುಡುಕಿದ್ದಳು.

ಫುಲ್‌ಮಾಲಾ ಮತ್ತೆ ಕಣ್ಣು ತೆರೆಯಲಿಲ್ಲ. ಮರುದಿನ ಸತ್ತಳು. ನಿಬಾರಣ ಆ ಗಂಟನ್ನು ಬಿಚ್ಚಲೇ ಇಲ್ಲ. ತಾಯಿಗೆಂದು ತಂದದ್ದು ಏನೆಂದು ಯಾರೂ ಅವನನ್ನು ಕೇಳಲಿಲ್ಲ.

ಒಂದು ತಿಂಗಳಲ್ಲಿ, ಆಚಾರವೈದ್ಯವನ್ನು ಯಶಸ್ವಿಯಾಗಿ ನಡೆಸಿದ ವೈದ್ಯೆಯೆಂದು ನೀಲಗಂಗಾಗೆ ಕ್ಯಾಂಪಿನಲ್ಲೇ ಸನ್ಮಾನ ಸಮಾರಂಭ ಏರ್ಪಾಟಾಯಿತು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಚಿತ್ರ. ಯಂತ್ರದ ಕಣ್ಣೇ ತೆಗೆದ ಚಿತ್ರ ಅದು: ಸುಕ್ಕುಗಟ್ಟಿದ ಕೈಯೊಂದು ಉಕ್ಕಿನ ತೋಳಿನ ತುದಿಯನ್ನು ಬಿಗಿಯಾಗಿ ಹಿಡಿದಿದೆ. ಕೆಳಗೆ ದಪ್ಪ ಅಕ್ಷರಗಳಲ್ಲಿ, "ಭಾಷೆ ಮೀರಿದ ಪ್ರೀತಿ."

ನೀಲಗಂಗಾ ಮೆಟ್ಟಿಲ ಬಳಿಯೇ ತೊರವಿಯವರನ್ನು ತಡೆದಳು. "ಆ ಚಿತ್ರ ಇಳಸ್ರಿ. ಅದು ಪ್ರೀತಿಯಿಂದ ಹಿಡಿದ ಕೈ ಅಲ್ರೀ. ಒಲ್ಲೆ ಅಂದ ಕೈ. ನಿಮ್ಮ ಮುಂದ ಜೋಬಾ ಮಾಡಿ ತೋರಿಸಿದ್ದಳಲ್ಲ, ಮರತ್ರೇನು?"

"ಕೈಸನ್ನಿ ನಮ್ಮ ಕೋಶದಾಗ ಬರೂದಿಲ್ಲ ಡಾಕ್ಟರ್. ಮುಂದಿನ ಆವೃತ್ತಿಯೊಳಗ ನೋಡೂಣು. ಈಗ ಬರ್ರಿ, ಮಂತ್ರಿಗಳು ಕಾಯಾಕ ಹತ್ಯಾರ."

"ನಿಮಗ ಹೇಸಿಗಿ ಬರೂದಿಲ್ಲೇನ್ರೀ?"

ಅವರು ಆಗಲೇ ಮೆಟ್ಟಿಲು ಹತ್ತಿದ್ದರು. ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು. ವೇದಿಕೆಯ ಮೇಲೆ ತೊರವಿಯವರೇ ಸನ್ಮಾನ ಫಲಕವನ್ನು ಎತ್ತಿ, ಎಂದಿನ ನಗೆಯೊಂದಿಗೆ ಅವಳ ಮುಂದೆ ಚಾಚಿದರು. ಕೆಳಗೆ ಚರುವಾ ಜನ ಸಾಲಾಗಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಜೋಬಾ ಇದ್ದಳು.

ನೀಲಗಂಗಾ ಎರಡೂ ಕೈಯಿಂದ ಅವರ ಕೈಯನ್ನು ಹಿಡಿದಳು. ಅವರ ಬೆರಳುಗಳನ್ನು ಒಂದೊಂದಾಗಿ ಫಲಕದ ಅಂಚಿನ ಮೇಲೆ ಮಡಚಿದಳು. ಮಡಚಿ, ಅವರ ಎದೆಯ ಕಡೆ ಒತ್ತಿದಳು.

ಚರುವಾ ಜನರಿಗೆ ಆ ಒಲ್ಲೆ ತಿಳಿಯಿತು. ಜೋಬಾ ಎದ್ದು ನಿಂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಚಪ್ಪರದಿಂದ ಹೊರಗೆ ನಡೆದರು.

ತೊರವಿಯವರ ನಗೆ ಇನ್ನಷ್ಟು ಅಗಲವಾಯಿತು. "ನೋಡ್ರಿ, ಡಾಕ್ಟರರಿಗೆ ಎಷ್ಟು ಸಂತೋಷ ಆಗೇದ, ಕೈ ಬಿಡವಲ್ಲರು!" ಎಂದು ಅವರು ಧ್ವನಿವರ್ಧಕದಲ್ಲಿ ಹೇಳಿದರು. ಮಂತ್ರಿಗಳು ಚಪ್ಪಾಳೆ ತಟ್ಟಿದರು, ಮತ್ತು ಛಾಯಾಗ್ರಾಹಕ ಮುಂದೆ ಬಂದು ಇಬ್ಬರ ಕೈಗಳ ಚಿತ್ರ ತೆಗೆದುಕೊಂಡ.