ವರಾಂಡದ ಹೆರಿಗೆ

ನಾನು ಸೂಲಗಿತ್ತಿ, ಇಲ್ಲದ್ದನ್ನು ಕಟ್ಟಿ ಹೇಳುವವಳಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರು ಕಾರಿನಲ್ಲಿ ಬಂದ ಬಸುರಿಯರಿಗೆ ಮಂಚ ಕೊಡುತ್ತಿದ್ದರು, ನಡೆದು ಬಂದವರಿಗೆ ವರಾಂಡದ ನೆಲ. ಒಂದು ಮಧ್ಯಾಹ್ನ ಆ ನೆಲದ ಮೇಲೆ ನರಳುತ್ತಿದ್ದ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದೆ. ಮಗು ಅಡ್ಡ ಮಲಗಿತ್ತು. ತಿರುಗದಿದ್ದರೆ ಇಬ್ಬರೂ ಉಳಿಯುವುದಿಲ್ಲವೆಂದು ಡಾಕ್ಟರಿಗೆ ಓಡಿಹೋಗಿ ಹೇಳಿದೆ.

“ಅಂಥವರ ಜೀವ ಗಟ್ಟಿ ಕಣಮ್ಮ, ನನ್ನ ಊಟ ಮುಗೀಲಿ,” ಎಂದರು ಆ ಮಹಾನುಭಾವರು.

ಹಿಂದಿರುಗಿದಾಗ ಬಿಸಿಲಿನ ವರಾಂಡ ಬಾವಿಯೊಳಗಿನಷ್ಟು ತಣ್ಣಗಿತ್ತು. ಮತ್ತೆ ಹೊಟ್ಟೆ ಮುಟ್ಟಿದರೆ ಮಗುವಿನ ತಲೆ ಕೆಳಗಿಳಿದಿತ್ತು.

“ಯಾರೋ ಅಜ್ಜಿ ಬಂದು ತಿರುಗಿಸಿದ್ರಕ್ಕ. ಕೈ ಐಸು, ಆದ್ರೆ ನೋವೇ ಆಗ್ಲಿಲ್ಲ,” ಎಂದಳು ಹುಡುಗಿ.

ಅಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಸೂಲಗಿತ್ತಿ ಇರಲಿಲ್ಲ. ಮಗು ಹುಟ್ಟಿ ಅತ್ತ ಮೇಲೆ ಡಾಕ್ಟರು ಬಾಯೊರೆಸುತ್ತಾ ಬಂದು, “ನಾನು ಹೇಳಿರಲಿಲ್ವಾ?” ಎಂದು ಹಲ್ಲುಕಿರಿದರು. ಹೊಕ್ಕುಳಬಳ್ಳಿ ಕಟ್ಟಲು ನಾನಿನ್ನೂ ದಾರ ತೆಗೆದಿರಲಿಲ್ಲ; ಅದಕ್ಕೆ ಆಗಲೇ ಒದ್ದೆ ನೂಲಿನ ಗಂಟು ಬಿದ್ದಿತ್ತು.